ಹಿಲೋದ ಅಂಗಡಿಗೆ ನಮ್ಮ ಸೊಪ್ಪು ಹೋದ ದಾರಿ

60 ಲೆಟ್ಯೂಸ್ ತರುತ್ತೇನೆ ಅಂತ ಹೇಳಿ 38 ತೆಗೆದುಕೊಂಡು ಹೋಗಿದ್ದೆ. ಹವಾಯಿಯ ಹಿಲೋ ಊರಿನ ಅಂಗಡಿ ಅದು. ಅಂಗಡಿಯ ಹಿಂಬಾಗಿಲಲ್ಲಿ ಸರಕು ಇಳಿಸಿಕೊಳ್ಳುವ ಜಾಗ. ಅಲ್ಲಿ ತರಕಾರಿ ವಿಭಾಗ ನೋಡಿಕೊಳ್ಳುವ ಆಂಟಿ ನಿಂತಿದ್ದರು. ಹವಾಯಿಯಲ್ಲೂ ನಮ್ಮ ಹಾಗೆಯೇ, ಸ್ವಲ್ಪ ವಯಸ್ಸಾದವರನ್ನು ಪರಿಚಯ ಇರಲಿ ಇಲ್ಲದಿರಲಿ ಆಂಟಿ, ಅಂಕಲ್ ಅಂತಲೇ ಕರೆಯುತ್ತಾರೆ. ಅವರು ಡಬ್ಬಿ ಎಣಿಸಿದರು. ಒಂದನ್ನು ಎತ್ತಿ ಬುಡ ನೋಡಿದರು, ಎಲೆ ಬಿಡಿಸಿ ಒಳಗೆ ನೋಡಿದರು, ಥರ್ಮಾಮೀಟರ್ ಇಟ್ಟು ನೋಡಿದರು. ಆಮೇಲೆ ಹೇಳಿದರು: "ಸೊಪ್ಪು ಚೆನ್ನಾಗಿದೆ. ಆದರೆ 22ರ ಜಾಗ ಕಪಾಟಿನಲ್ಲಿ ಖಾಲಿ ಇರುತ್ತೆ. ಅಲ್ಲಿ ಏನಿಡಲಿ ಹೇಳು."

ಸಿಟ್ಟಿನಿಂದ ಹೇಳಿದ ಮಾತಲ್ಲ. ನಿಜವಾಗಿಯೂ ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ವಾರ ಹೋದಾಗ ಕಪಾಟು ತುಂಬ ಕ್ಯಾಲಿಫೋರ್ನಿಯಾದ ಲೆಟ್ಯೂಸ್ ಇತ್ತು. ಸುಮಾರು 3,800 ಕಿಲೋಮೀಟರ್ ಸಮುದ್ರ ದಾಟಿ ಹೊನೊಲುಲುಗೆ ಬಂದು, ಅಲ್ಲಿಂದ ಬಾರ್ಜ್ ಅನ್ನುವ ಸರಕು ದೋಣಿಯಲ್ಲಿ ನಮ್ಮ ದ್ವೀಪಕ್ಕೆ ಬಂದದ್ದು. ನಮ್ಮ ತೋಟ ಅಂಗಡಿಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ನನಗೆ ಆ ದಿನ ತುಂಬ ಬೇಜಾರಾಯಿತು. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಮುಂದಿನ 2 ವರ್ಷ ಹೋಯಿತು. ಆ 2 ವರ್ಷದಲ್ಲಿ ಏನೇನಾಯಿತು ಅಂತ ಬರೆಯುತ್ತಿದ್ದೇನೆ. ಸಣ್ಣ ತೋಟ ಇಟ್ಟುಕೊಂಡು ಅಂಗಡಿಗೆ ಕೊಡಬೇಕು ಅಂದುಕೊಂಡವರು ಯಾರಾದರೂ ಇದ್ದರೆ ಉಪಯೋಗ ಆಗಬಹುದು.

ಮೊದಲು ಜಾಗದ ಬಗ್ಗೆ ಹೇಳುತ್ತೇನೆ. ನಾನೂ ನನ್ನ ಗಂಡನೂ 2016ರಲ್ಲಿ ಹವಾಯಿ ದ್ವೀಪದ ಪುನಾ ಜಿಲ್ಲೆಯಲ್ಲಿ 3 ಎಕರೆ ತೆಗೆದುಕೊಂಡೆವು. ಇಲ್ಲಿನವರು ಇದನ್ನು ಬಿಗ್ ಐಲ್ಯಾಂಡ್ ಅನ್ನುತ್ತಾರೆ, ಯಾಕಂದರೆ ರಾಜ್ಯಕ್ಕೂ ಅದೇ ಹೆಸರು, ದ್ವೀಪಕ್ಕೂ ಅದೇ ಹೆಸರು. ಪುನಾ ಕಿಲಾವೇಯಾ ಜ್ವಾಲಾಮುಖಿಯ ಮಗ್ಗುಲಲ್ಲಿದೆ. 3 ಎಕರೆ ಅಂದರೆ ಮಣ್ಣು ಅಂದುಕೊಳ್ಳಬೇಡಿ. ಲಾವಾ ಕಲ್ಲು, ಅದರ ಮೇಲೆ ಎಲೆ ಕೊಳೆತು ಆದ ಬೆರಳು ದಪ್ಪದ ಕಪ್ಪು ಪದರ, ಅಷ್ಟೇ. ಅದರಲ್ಲೇ ಓಹಿಯಾ ಮರಗಳು ನಿಂತಿದ್ದವು. ಆ ಮರಗಳನ್ನು ನಾವು ಮುಟ್ಟಲಿಲ್ಲ. ಇಲ್ಲಿ ಓಹಿಯಾಗಳನ್ನು ಒಂದು ಶಿಲೀಂಧ್ರ ರೋಗ ಕೊಲ್ಲುತ್ತಿದೆ, ಉಳಿದಿರುವುದನ್ನು ಉಳಿಸಿಕೊಳ್ಳಬೇಕು ಅನ್ನಿಸಿತು. ಅರ್ಧ ಎಕರೆಯಲ್ಲಿ ಮಾತ್ರ ಬುಲ್ಡೋಜರ್ ಬಿಟ್ಟು ಕಲ್ಲು ಪುಡಿ ಮಾಡಿಸಿ, ಮೇಲೆ ಸಿಂಡರ್ ಅನ್ನುವ ಕೆಂಪು ಜ್ವಾಲಾಮುಖಿ ಜಲ್ಲಿ ಹರಡಿ, ಅದರ ಮೇಲೆ ಗೊಬ್ಬರ ಹಾಕಿ ಮಡಿ ಮಾಡಿದೆವು. ಉಳಿದ ಕಡೆ ಬಾಳೆ ನೆಡಬೇಕಾದರೆ ಹಾರೆ ಹಿಡಿದು ಕಲ್ಲು ಒಡೆದು ಗುಂಡಿ ತೆಗೆಯಬೇಕು. ಇಲ್ಲಿನ ಭಾಷೆಯಲ್ಲಿ ಆ ಹಾರೆಗೆ ಓಓ ಅಂತ ಹೆಸರು. ಒಂದು ಗುಂಡಿಗೆ ಒಂದು ಬೆಳಗ್ಗೆ ಹೋದದ್ದೂ ಇದೆ.

ಗೊಬ್ಬರ ನಾವೇ ಮಾಡುತ್ತೇವೆ. ಅಲ್ಬೀಸಿಯಾ ಅನ್ನುವ ಮರ ಇಲ್ಲಿ ಕಳೆಯ ಹಾಗೆ ಬೆಳೆಯುತ್ತದೆ. 2014ರ ಆಗಸ್ಟ್‌ನಲ್ಲಿ ಇಸೆಲ್ ಅನ್ನುವ ಬಿರುಗಾಳಿ ಪುನಾಗೆ ಅಪ್ಪಳಿಸಿದಾಗ ರಸ್ತೆ, ಕರೆಂಟ್ ತಂತಿ ಎಲ್ಲದರ ಮೇಲೂ ಬಿದ್ದದ್ದು ಇವೇ ಮರಗಳು. ಆದರೆ ಅದು ದ್ವಿದಳ ಜಾತಿಯದು, ಗಾಳಿಯ ಸಾರಜನಕ ಹಿಡಿಯುತ್ತದೆ. ಅದರ ಚೂರು, ಪಕ್ಕದ ಮನೆಯ ಕೋಳಿಗೊಬ್ಬರ, ಬಾಳೆದಿಂಡು ಸೇರಿಸಿ ರಾಶಿ ಹಾಕಿದರೆ ಚೆನ್ನಾಗಿ ಬಿಸಿ ಏರುತ್ತದೆ.

ಮೊದಲ 2 ವರ್ಷ ರೈತ ಸಂತೆಯಲ್ಲಿ ಮಾರಿದೆವು, ಹಿಲೋದ 2 ಊಟದ ಹೋಟೆಲುಗಳಿಗೂ ಕೊಡುತ್ತಿದ್ದೆವು. ಸಂತೆಯಲ್ಲಿ ಎಷ್ಟು ತಂದರೆ ಅಷ್ಟು. ಕಡಿಮೆ ತಂದರೆ ಬೇಗ ಖಾಲಿ, ಜಾಸ್ತಿ ತಂದರೆ ಪಕ್ಕದವರ ಜೊತೆ ಅದಲುಬದಲು. ಯಾರೂ ಯಾಕೆ 22 ಕಡಿಮೆ ಅಂತ ಕೇಳುವುದಿಲ್ಲ. ಅಂಗಡಿ ಬೇರೆಯೇ ಲೋಕ ಅಂತ ನನಗೆ ಆಗ ಗೊತ್ತಿರಲಿಲ್ಲ.

2018ರ ಮೇ 3ಕ್ಕೆ ಕೆಳ ಪುನಾದಲ್ಲಿ ನೆಲ ಬಿರಿದು ಲಾವಾ ಹೊರಗೆ ಬಂತು. ಮಾರನೆಯ ದಿನ 6.9ರ ಭೂಕಂಪ. ಆ ಬೇಸಿಗೆ ಮುಗಿಯುವಷ್ಟರಲ್ಲಿ 700ಕ್ಕೂ ಹೆಚ್ಚು ಮನೆಗಳು ಹೋದವು. ಎಷ್ಟೋ ಪರಂಗಿ ತೋಟಗಳು ಲಾವಾದ ಅಡಿಗೆ ಸೇರಿದವು. ನಾವು ಮೇಲಿನ ಕಡೆ ಇದ್ದೇವೆ, ನಮ್ಮಲ್ಲಿಗೆ ಲಾವಾ ಬರಲಿಲ್ಲ. ಆದರೆ ಗಂಧಕದ ಹೊಗೆ ಬಂತು, ಎಳೆ ಸೊಪ್ಪಿನ ಅಂಚು ಸುಟ್ಟ ಹಾಗೆ ಕಂದು ಆಯಿತು. ಪುನಾದಲ್ಲಿ ಹೆಚ್ಚಿನ ಮನೆಗಳಿಗೆ ಬಾವಿ ಇಲ್ಲ, ಸೂರಿನ ಮಳೆನೀರೇ ಟ್ಯಾಂಕಿಗೆ ಬರುವುದು. ಆ ಸೂರಿನ ಮೇಲೆ ಪೆಲೆಯ ಕೂದಲು ಅಂತ ಕರೆಯುವ, ಲಾವಾದಿಂದಾದ ಗಾಜಿನ ಸಣ್ಣ ಎಳೆಗಳು ಬೀಳುತ್ತವೆ ಅಂತ ಗೊತ್ತಾದಾಗ ಟ್ಯಾಂಕಿನ ಕೊಳವೆ ಕಳಚಿಟ್ಟೆವು. ವಾರಗಟ್ಟಲೆ ತೊಳೆಯುವ ನೀರಿಗೆ ಪರದಾಡಿದೆವು. ಆ ವರ್ಷ ಮಾರಿದ್ದಕ್ಕಿಂತ ಗೊಬ್ಬರದ ರಾಶಿಗೆ ಹಾಕಿದ್ದೇ ಜಾಸ್ತಿ.

ಆಗಲೇ ಸಾವಯವ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆವು. ಕೆಲವರು ಬೇಡ ಅಂದರು. ಅಮೆರಿಕದ ನಿಯಮದಲ್ಲಿ ವರ್ಷಕ್ಕೆ 5,000 ಡಾಲರ್‌ಗಿಂತ ಕಡಿಮೆ ಸಾವಯವ ಮಾರಾಟ ಇದ್ದರೆ ಪ್ರಮಾಣಪತ್ರ ಇಲ್ಲದೆಯೂ ಸಾವಯವ ಅಂತ ಹೇಳಿಕೊಳ್ಳಬಹುದು, ಸರ್ಕಾರದ ಮುದ್ರೆ ಮಾತ್ರ ಹಾಕುವ ಹಾಗಿಲ್ಲ, ಉಳಿದ ನಿಯಮ ಪಾಲಿಸಬೇಕು. ಆದರೆ ಅಂಗಡಿಯ ಆಂಟಿ ಮೊದಲೇ ಹೇಳಿಬಿಟ್ಟಿದ್ದರು: "ಬೋರ್ಡಿನ ಮೇಲೆ ಸಾವಯವ ಅಂತ ಬರೆಯುವವಳು ನಾನು. ಗಿರಾಕಿ ಕೇಳಿದರೆ ತೋರಿಸೋದಕ್ಕೆ ನನ್ನ ಕೈಯಲ್ಲಿ ಕಾಗದ ಇರಬೇಕು." ನನಗೆ ಅದು ನ್ಯಾಯ ಅನ್ನಿಸಿತು.

ಪ್ರಮಾಣಪತ್ರ ಬೇಕಾದರೆ ಜಾಗಕ್ಕೆ ನಿಷೇಧಿತ ರಾಸಾಯನಿಕ ಬಿದ್ದು 36 ತಿಂಗಳು ಆಗಿರಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ನಿಯಮ. ನಮ್ಮದು ಹಿಂದೆ ಯಾರೂ ಉಳದ ಜಾಗ, ಹಳೆಯ ಮಾಲೀಕರಿಂದ ಏನೂ ಹೊಡೆದಿಲ್ಲ ಅಂತ ಸಹಿ ಹಾಕಿಸಿದ ಪತ್ರ ತಂದೆವು, ಅದು ಸುಲಭವಾಯಿತು. ಕಷ್ಟ ಬಂದದ್ದು ಲೆಕ್ಕದಲ್ಲಿ. ಕೋಳಿಗೊಬ್ಬರ ಹಾಕಿದ ರಾಶಿಯನ್ನು ಗೊಬ್ಬರ ಅಂತ ಒಪ್ಪಬೇಕಾದರೆ, ಸಾಲು ರಾಶಿ ಆದರೆ, 15 ದಿನ ಅದರ ಶಾಖ 55ರಿಂದ 77 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಅಷ್ಟರಲ್ಲಿ ಕನಿಷ್ಠ 5 ಸಲ ಮಗುಚಬೇಕು, ದಿನಾ ಬರೆದಿಡಬೇಕು. ಇಲ್ಲದಿದ್ದರೆ ಅದು ಹಸಿ ಗೊಬ್ಬರದ ಲೆಕ್ಕ. ಹಸಿ ಗೊಬ್ಬರ ಹಾಕಿದರೆ ಮಣ್ಣಿಗೆ ತಾಗುವ ಬೆಳೆಯನ್ನು 120 ದಿನ ಕೊಯ್ಯುವ ಹಾಗಿಲ್ಲ, ಮಣ್ಣಿಗೆ ತಾಗದಿದ್ದರೆ 90 ದಿನ. ಲೆಟ್ಯೂಸ್ ಬೆಳೆಯುವವರಿಗೆ 120 ದಿನ ಅಂದರೆ ಆ ಮಡಿ ಇಲ್ಲ ಅಂತಲೇ ಅರ್ಥ. ನನ್ನ ಗಂಡ ಗೊಬ್ಬರದ ರಾಶಿ ಪಕ್ಕ ಮರದ ಕಂಬಕ್ಕೆ ಒಂದು ಪುಸ್ತಕ, ಪೆನ್ಸಿಲ್ ಕಟ್ಟಿಟ್ಟರು. ಪೆನ್ ಆದರೆ ಇಲ್ಲಿನ ಮಳೆಗೆ ಬರಹ ನಿಲ್ಲುವುದಿಲ್ಲ.

ತಪಾಸಣೆಗೆ ಬಂದವರು ಒಂದು ಬಿಲ್ ಎತ್ತಿಕೊಂಡರು. ಸಂತೆಯ ಬಿಲ್ ಅಲ್ಲ, ಹೋಟೆಲಿಗೆ ಕೊಟ್ಟದ್ದು. "ಇದರಲ್ಲಿರುವ ಕೇಲ್ ಸೊಪ್ಪು ಯಾವ ಮಡಿಯದ್ದು? ಆ ಮಡಿಗೆ ನಾಟಿ ಯಾವಾಗ? ಆ ಬೀಜದ ಪೊಟ್ಟಣ ತೋರಿಸಿ." ನಾನು ಮನೆಯೊಳಗೆ ಹೋಗಿ ಪೊಟ್ಟಣಗಳ ಡಬ್ಬಿ ತಂದೆ. ಸಿಕ್ಕಿತು. ಆದರೆ ಬೆವೆತುಹೋಗಿದ್ದೆ. ಆಮೇಲೆ ಪ್ರತಿ ಮಡಿಗೂ ನಂಬರ್ ಬರೆದ ಹಲಗೆ ನೆಟ್ಟೆ. ಈಗಲೂ ಪ್ರತಿ ಡಬ್ಬಿಯ ಮೇಲೆ ಕೊಯ್ದ ದಿನ, ಮಡಿಯ ನಂಬರ್ ಎರಡೂ ಇರುತ್ತದೆ. ಈ ಅಭ್ಯಾಸ ಮುಂದೆ ಅಂಗಡಿಗೆ ಕೊಡುವಾಗ ನಮ್ಮ ಕೈ ಹಿಡಿಯಿತು.

ಪ್ರಮಾಣಪತ್ರ 2019ರಲ್ಲಿ ಬಂತು. ಅದನ್ನು ಹಿಡಿದುಕೊಂಡು ಖುಷಿಯಿಂದ ಅಂಗಡಿಗೆ ಹೋದೆ. 60ಕ್ಕೆ 38 ಆದದ್ದು ಆ ಸಲವೇ.

ಯಾಕೆ ಹಾಗಾಯಿತು ಅಂತ ಮನೆಗೆ ಬಂದು ಕೂತು ಯೋಚಿಸಿದೆ. ಬೀಜ ಹಾಕಿದ್ದು 70. ಮೊಳೆತದ್ದು 65. ನಾಟಿ ಮಾಡಿದ ಮೇಲೆ 10 ದಿನ ಬಿಡದೆ ಮಳೆ, ಸುಮಾರು ಬುಡ ಕೊಳೆಯಿತು. ಹಿಲೋ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅದೂ ನಮ್ಮ ಮಳೆಗಾಲದ ಹಾಗೆ ಬಂದು ಹೋಗುವ ಮಳೆ ಅಲ್ಲ, ವರ್ಷವಿಡೀ ಯಾವಾಗ ಬೇಕಾದರೂ ಬರುವ ಮಳೆ. ಉಳಿದದ್ದರಲ್ಲಿ ಕೆಲವನ್ನು ನಾನೇ ಕಿತ್ತು ಬಿಸಾಕಿದ್ದೆ, ಒಳಗೆ ಸ್ಲಗ್ ಇತ್ತು ಅಂತ.

ಈ ಸ್ಲಗ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಲೇಬೇಕು. ಸ್ಲಗ್ ಅಂದರೆ ಚಿಪ್ಪಿಲ್ಲದ ಬಸವನಹುಳು. ಬೇರೆ ಕಡೆ ಅದು ಎಲೆ ತಿನ್ನುವ ಕಾಟ, ಅಷ್ಟೇ. ಪುನಾದಲ್ಲಿ ಹಾಗಲ್ಲ. ಇಲಿಗಳ ಶ್ವಾಸಕೋಶದಲ್ಲಿ ಬದುಕುವ ಒಂದು ಜಂತು ಇದೆ, ಅದಕ್ಕೆ ರ‍್ಯಾಟ್ ಲಂಗ್‌ವರ್ಮ್ ಅನ್ನುತ್ತಾರೆ. ಇಲಿಯ ಹಿಕ್ಕೆಯಿಂದ ಅದರ ಮರಿಗಳು ಸ್ಲಗ್‌ಗೆ, ಬಸವನಹುಳುವಿಗೆ ಹೋಗುತ್ತವೆ. ಹಸಿ ಸೊಪ್ಪಿನ ಮಡಿಕೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಸ್ಲಗ್ ಇದ್ದು ಅದನ್ನು ಯಾರಾದರೂ ಗೊತ್ತಿಲ್ಲದೆ ತಿಂದರೆ ಆ ಮರಿಗಳು ಮಿದುಳಿಗೆ, ಬೆನ್ನುಹುರಿಗೆ ಹೋಗುತ್ತವೆ. ತಿಂಗಳುಗಟ್ಟಲೆ ನರಳಿದವರು, ಕೋಮಾಗೆ ಹೋದವರು ಈ ದ್ವೀಪದಲ್ಲಿದ್ದಾರೆ. ಹವಾಯಿಯಲ್ಲಿ ಈ ಕಾಯಿಲೆ ಹೆಚ್ಚು ಕಂಡಿರುವುದು ನಮ್ಮ ದ್ವೀಪದಲ್ಲೇ. ಬೇಯಿಸಿದರೆ ಸಾಯುತ್ತದೆ. ಆದರೆ ಲೆಟ್ಯೂಸ್ ಯಾರೂ ಬೇಯಿಸಿ ತಿನ್ನುವುದಿಲ್ಲ, ಅಲ್ವಾ?

ಆದ್ದರಿಂದ ಅಂಗಡಿಯ ಆಂಟಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಬೆಲೆ ಎಷ್ಟು ಅಂತ ಅಲ್ಲ. "ಸ್ಲಗ್‌ಗೆ ಏನು ಮಾಡ್ತೀಯ?" ನಾನು ಹೇಳಿದ್ದೆ, ರಾತ್ರಿ ತಲೆಗೆ ದೀಪ ಕಟ್ಟಿಕೊಂಡು ಹೋಗಿ ಕಡ್ಡಿಯಲ್ಲಿ ಎತ್ತಿ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇವೆ, ಕೈಯಲ್ಲಿ ಮುಟ್ಟುವುದಿಲ್ಲ, ಸಾವಯವಕ್ಕೆ ಒಪ್ಪುವ ಐರನ್ ಫಾಸ್ಫೇಟ್ ಕಾಳು ಹಾಕುತ್ತೇವೆ ಅಂತ. "ಅದು ಸಾಲದು" ಅಂದರು. ಅವರು ಹೇಳಿದ್ದು ಸರಿ. ಆಮೇಲೆ ನಾವು ಹಸಿಯಾಗಿ ತಿನ್ನುವ ಸೊಪ್ಪನ್ನೆಲ್ಲ ನೆಲದಿಂದ ಎತ್ತಿಬಿಟ್ಟೆವು. ಸೊಂಟದ ಎತ್ತರಕ್ಕೆ ಮರದ ಮೇಜುಗಳು, ಅದರ ಮೇಲೆ ಮಣ್ಣು ತುಂಬಿದ ತೊಟ್ಟಿ, ಮೇಲೆ ಪ್ಲಾಸ್ಟಿಕ್ ಸೂರು, ಮೇಜಿನ ಕಾಲುಗಳಿಗೆ ತಾಮ್ರದ ಪಟ್ಟಿ, ಸುತ್ತ 2 ಮೀಟರ್ ಹುಲ್ಲಿಲ್ಲದ ಸಿಂಡರ್. ಇಲಿ ಬೋನುಗಳನ್ನೂ ಇಟ್ಟೆವು, ಯಾಕಂದರೆ ಮೂಲ ಅಲ್ಲಿದೆ. ಕೊಯ್ದ ಮೇಲೆ ಹೊರಗಿನ ಎಲೆಗಳನ್ನು ತೆಗೆದು ಒಂದೊಂದು ಲೆಟ್ಯೂಸನ್ನೂ ಬಿಡಿಸಿ ನೋಡಿ ತೊಳೆಯುತ್ತೇವೆ. ಮನೆಯಲ್ಲಿ ಮತ್ತೆ ಎಲೆ ಎಲೆಯಾಗಿ ತೊಳೆಯಿರಿ ಅಂತ ಡಬ್ಬಿಯಲ್ಲಿ ಚೀಟಿ ಇಡುತ್ತೇವೆ. ಸೂರು ಬಂದ ಮೇಲೆ ಇನ್ನೊಂದು ಲಾಭ ಆಯಿತು. ಮಳೆಗೆ ಬುಡ ಕೊಳೆಯುವುದು ಹೆಚ್ಚುಕಡಿಮೆ ನಿಂತಿತು.

ನೀರಿಗೂ ಹಾಗೆಯೇ. ಸೂರಿನ ನೀರು ಅಂದರೆ ಹಕ್ಕಿ, ಇಲಿ, ಹಲ್ಲಿ ಎಲ್ಲ ಓಡಾಡಿದ ನೀರು. ಎರಡು ಹಂತದ ಫಿಲ್ಟರ್, ಆಮೇಲೆ ಅಲ್ಟ್ರಾವಯಲೆಟ್ ದೀಪ, ಆಮೇಲೆ ಇ ಕೋಲಿ ಅನ್ನುವ ಬ್ಯಾಕ್ಟೀರಿಯಾ ಇದೆಯೇ ಅಂತ ಲ್ಯಾಬ್ ಪರೀಕ್ಷೆ. ನಮ್ಮಷ್ಟು ಸಣ್ಣ ತೋಟಕ್ಕೆ ಕೇಂದ್ರದ ಆಹಾರ ಸುರಕ್ಷತಾ ಕಾನೂನಿನ ಎಷ್ಟೋ ಅಂಶ ಅನ್ವಯವೇ ಆಗುವುದಿಲ್ಲ. ಆದರೂ ಅಂಗಡಿ ವರದಿ ಕೇಳಿತು, ಜೊತೆಗೆ ವಿಮೆ ಕೇಳಿತು. ಕೊಟ್ಟೆವು. ತಿನ್ನುವವರು ಪಕ್ಕದ ಬೀದಿಯವರೇ.

ಕೊಯ್ಲು ತಂಪಿನಲ್ಲೇ ಆಗಬೇಕು. ಸೊಪ್ಪು ಚೆನ್ನಾಗಿದೆ ಅಂದರೂ ಆಂಟಿ ಮೊದಲ ಸಲ ಥರ್ಮಾಮೀಟರ್ ಇಟ್ಟು ನೋಡಿ "ಬೆಚ್ಚಗಿದೆ, ಇದು 2 ದಿನವೂ ಬಾಳುವುದಿಲ್ಲ" ಅಂದಿದ್ದರು. ಈಗ ಬೆಳಕು ಹರಿಯುವ ಮೊದಲೇ ಕೊಯ್ದು ತಣ್ಣೀರಿನಲ್ಲಿ ಮುಳುಗಿಸಿ, ನೀರು ಬಸಿದು, ಕೋಲ್ಡ್ ರೂಮಿಗೆ ಇಡುತ್ತೇವೆ. ಕೋಲ್ಡ್ ರೂಮ್ ಅಂದರೆ ದಪ್ಪ ಥರ್ಮೋಕೋಲ್ ಹೊದಿಸಿದ ಸಣ್ಣ ಕೋಣೆ, ಕಿಟಕಿಗೆ ಸಾಮಾನ್ಯ ಎಸಿ, ಅದಕ್ಕೆ ಕೂಲ್‌ಬಾಟ್ ಅನ್ನುವ ಸಣ್ಣ ಪೆಟ್ಟಿಗೆ. ಅದು ಎಸಿಯನ್ನು ಇನ್ನೂ ತಣ್ಣಗೆ ಓಡುವ ಹಾಗೆ ಮಾಡುತ್ತದೆ. ದೊಡ್ಡ ಶೀತಲ ಘಟಕದ ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಇದರಲ್ಲಿ ಲೆಟ್ಯೂಸ್ ಒಂದು ವಾರ ಗಟ್ಟಿಯಾಗಿರುತ್ತದೆ.

ಇಷ್ಟೆಲ್ಲ ಆದರೂ ಆಂಟಿಯ ಪ್ರಶ್ನೆ ಹಾಗೇ ಇತ್ತು. ನಮ್ಮ ಒಂದು ತೋಟದಿಂದ ಪ್ರತಿ ವಾರ, ವರ್ಷವಿಡೀ, ಹೇಳಿದಷ್ಟೇ ಕೊಡುವುದು ಆಗದ ಮಾತು. ಒಂದು ವಾರ ಮೂಲಂಗಿ ರಾಶಿ, ಮುಂದಿನ ವಾರ ಒಂದೂ ಇಲ್ಲ.

2020ರ ಮಾರ್ಚ್ ಕೊನೆಗೆ ಕೊರೊನಾ ಕಾರಣ ಹೊರಗಿನಿಂದ ಬಂದವರೆಲ್ಲ 14 ದಿನ ಪ್ರತ್ಯೇಕ ಇರಬೇಕು ಅಂತ ರಾಜ್ಯ ಆದೇಶ ಮಾಡಿತು. ಪ್ರವಾಸಿಗರು ನಿಂತರು, ಹೋಟೆಲುಗಳು ಮುಚ್ಚಿದವು. ದ್ವೀಪದ ಎಷ್ಟೋ ಸಣ್ಣ ತೋಟಗಳ ಸರಕಿಗೆ ಒಂದೇ ವಾರದಲ್ಲಿ ಗಿರಾಕಿ ಇಲ್ಲದ ಹಾಗಾಯಿತು. ಅದೇ ಹೊತ್ತಿಗೆ ಅಂಗಡಿಗಳಲ್ಲಿ ಜನ ಕಪಾಟು ಖಾಲಿ ಮಾಡುತ್ತಿದ್ದರು. ಹವಾಯಿ ತಿನ್ನುವ ಆಹಾರದಲ್ಲಿ ಶೇಕಡ 85ರಿಂದ 90ರಷ್ಟು ಹಡಗಿನಲ್ಲೇ ಬರುವುದು ಅಂತ ಇಲ್ಲಿ ಯಾವಾಗಲೂ ಹೇಳುತ್ತಿರುತ್ತಾರೆ. ಅಲ್ಲಿಯವರೆಗೂ ನನಗೆ ಅದು ಸುಮ್ನೆ ಕೇಳಿದ ಅಂಕಿ. ಆ ವಾರ ಖಾಲಿ ಕಪಾಟು ನೋಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ಎರಡು ಕಡೆಯೂ ಕೊರತೆ, ನಡುವೆ ದಾರಿ ಇಲ್ಲ.

ಆಂಟಿ ಫೋನ್ ಮಾಡಿದರು. "ನಿನ್ನ ಹಾಗೆ ಇನ್ನೂ 4 ಜನ ಇದ್ದಾರೆ. ಎಲ್ಲರೂ ಒಬ್ಬೊಬ್ಬರಾಗಿ ಬಂದು ಅದೇ ಕೇಲ್ ತರುತ್ತೀರಿ. ಒಂದು ಸಲ ಕೂತು ಮಾತಾಡಿ."

ಅಂಗಡಿಯ ಹಿಂದಿನ ಪಾರ್ಕಿಂಗ್ ಜಾಗದಲ್ಲಿ, ದೂರ ದೂರ ಕುರ್ಚಿ ಹಾಕಿಕೊಂಡು, ಮಾಸ್ಕ್ ಕಟ್ಟಿಕೊಂಡು ಕೂತೆವು. ಪ್ರಮಾಣಪತ್ರ ಇರುವ 5 ತೋಟಗಳು. ಒಬ್ಬರ ತೋಟ ವಾಲ್ಕೆನೋ ಊರಿನಲ್ಲಿ, ಸುಮಾರು 1,100 ಮೀಟರ್ ಎತ್ತರ, ರಾತ್ರಿ ಚಳಿಗೆ ಕಂಬಳಿ ಬೇಕು. ಒಬ್ಬರದು ವಾಯ್ಮೇಯಾದಲ್ಲಿ, ಸುಮಾರು 800 ಮೀಟರ್, ಗಾಳಿ, ತಂಪು. ಒಬ್ಬರು ಹಿಲೋ ಊರಿಗೆ ಅಂಟಿಕೊಂಡೇ ಇದ್ದವರು, ಅವರಲ್ಲಿ ನಿಂಬೆ, ಬೆಣ್ಣೆಹಣ್ಣು, ಸಣ್ಣಪುಟ್ಟ ಸೊಪ್ಪು. ಹಾಮಾಕುವಾ ತೀರದಿಂದ ಬಂದವರು ನಮ್ಮಲ್ಲೆಲ್ಲ ಹಿರಿಯರು, ಎಲ್ಲರೂ ಅಂಕಲ್ ಅನ್ನುತ್ತೇವೆ. ಅವರ ಅಪ್ಪ ಕಬ್ಬಿನ ತೋಟದಲ್ಲಿ ಕೆಲಸ ಮಾಡಿದವರು. ಹಾಮಾಕುವಾದಲ್ಲಿ ಕಬ್ಬು 1994ಕ್ಕೆ ಮುಗಿಯಿತು. ಮಣ್ಣು ನೋಡಿದರೆ ನನಗೆ ಆಸೆ ಆಗುತ್ತದೆ, ಅಷ್ಟು ಆಳ. ಆದರೆ ಕಬ್ಬಿನ ಕಾಲದಲ್ಲಿ, 1940ರ ದಶಕದವರೆಗೆ, ಕಳೆಗೆ ಆರ್ಸೆನಿಕ್ ಹೊಡೆಯುತ್ತಿದ್ದರು, ಅದು ಕೆಲವು ಕಡೆ ಮಣ್ಣಿನಲ್ಲಿ ಇನ್ನೂ ಇದೆ. ಅಂಕಲ್ ಬೇಸಾಯ ಶುರು ಮಾಡುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿದ್ದರು. ಆ ವರದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆ ದಿನವೂ ತಂದಿದ್ದರು.

ಅವರೇ ಮೊದಲು ಬಾಯಿಬಿಟ್ಟರು. "ವಾಲ್ಕೆನೋದಲ್ಲಿ ಕೇಲ್ ಚೆನ್ನಾಗಿ ಬರುತ್ತೆ. ನಾವು ಉಳಿದ 4 ಜನ ಯಾಕೆ ಹಾಕಬೇಕು?"

ಎಷ್ಟು ಸರಳ ಮಾತು! ಈ ದ್ವೀಪದಲ್ಲಿ ಒಂದು ಗಂಟೆ ಕಾರು ಓಡಿಸಿದರೆ ಹವೆ ಬದಲಾಗುತ್ತದೆ. ಅದನ್ನು ನಾವು ಯಾರೂ ಬಳಸಿಕೊಂಡಿರಲಿಲ್ಲ. ಆ ಸಂಜೆ ರಟ್ಟಿನ ಡಬ್ಬಿಯ ಮೇಲೆ 12 ತಿಂಗಳ ಗೆರೆ ಎಳೆದು ಬರೆದೆವು. ಕೇಲ್, ಬ್ರೊಕೊಲಿ, ಬಟಾಣಿ ವಾಲ್ಕೆನೋಗೆ. ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು, ಬೇಸಿಗೆಯ ಲೆಟ್ಯೂಸ್ ವಾಯ್ಮೇಯಾಗೆ, ಯಾಕಂದರೆ ನಮ್ಮ ಕೆಳಗಿನ ಬಿಸಿಗೆ ಲೆಟ್ಯೂಸ್ ಬೇಗ ಹೂ ಬಿಟ್ಟು ಕಹಿ ಆಗುತ್ತದೆ. ಮೂಲಂಗಿ, ಶುಂಠಿ, ಗೆಣಸು, ಕಾಲೋ ಅಂಕಲ್‌ಗೆ. ಕಾಲೋ ಅಂದರೆ ನಮ್ಮ ಕೆಸುವೇ, ಹವಾಯಿಯವರಿಗೆ ಅದು ಅನ್ನದಷ್ಟೇ ದೊಡ್ಡದು. ನಮಗೆ ಚಳಿಗಾಲದ ಲೆಟ್ಯೂಸ್, ಬಾಕ್ ಚಾಯ್ ಅನ್ನುವ ಚೀನಾ ಸೊಪ್ಪು, ಅರಿಸಿನ, ಬಾಳೆ, ಜೀಗುಜ್ಜೆ. ಜೀಗುಜ್ಜೆಗೆ ಇಲ್ಲಿ ಉಲು ಅನ್ನುತ್ತಾರೆ.

ಸೌತೆ ಯಾರಿಗೂ ಬೇಡವಾಗಿತ್ತು. ಮೆಲನ್ ಫ್ಲೈ ಅನ್ನುವ ಹಣ್ಣುನೊಣ ಕಾಯಿ ಎಳೆಯದಾಗಿರುವಾಗಲೇ ಚುಚ್ಚಿ ಮೊಟ್ಟೆ ಇಡುತ್ತದೆ. ಕೊನೆಗೆ ನಾವು ಒಪ್ಪಿಕೊಂಡೆವು, ಬಲೆಯೊಳಗೆ ಹಾಕುತ್ತೇವೆ, ಪರಾಗಸ್ಪರ್ಶ ಬೇಡದ ತಳಿ ತರುತ್ತೇವೆ ಅಂತ. ಅದು ಚೆನ್ನಾಗಿಯೇ ಬಂತು.

ಪರಂಗಿಯ ಮಾತು ಬಂದಾಗ ಎಲ್ಲರೂ ಸುಮ್ಮನಾದರು. ಗಿರಾಕಿಗಳು ಹೆಚ್ಚು ಕೇಳುವುದು ಸಾವಯವ ಪರಂಗಿ, ಅದೂ ಪುನಾ ಪರಂಗಿ. ಆದರೆ ಪುನಾಗೆ 1992ರಲ್ಲಿ ರಿಂಗ್‌ಸ್ಪಾಟ್ ವೈರಸ್ ಬಂತು, ತೋಟಗಳು ಸಾಲುಸಾಲಾಗಿ ಹೋದವು. 1998ರಲ್ಲಿ ರೈನ್‌ಬೋ ಅನ್ನುವ ಕುಲಾಂತರಿ ತಳಿ ಕೊಟ್ಟರು, ಅದರಿಂದಲೇ ಇಲ್ಲಿ ಪರಂಗಿ ಬೆಳೆ ಉಳಿಯಿತು. ಅದನ್ನು ಬೆಳೆಯುವವರ ಮೇಲೆ ನನಗೆ ಒಂದಿಷ್ಟೂ ಬೇಸರ ಇಲ್ಲ, ಅವರ ಬದುಕು ಅದರಲ್ಲಿದೆ. ಆದರೆ ಸಾವಯವ ನಿಯಮ ಕುಲಾಂತರಿಯನ್ನು ಒಪ್ಪುವುದಿಲ್ಲ. ಹಳೆಯ ತಳಿ ಹಾಕಿದರೆ ವೈರಸ್ ಹಿಡಿಯುತ್ತದೆ, ನಮ್ಮ ಮರದ ಬೀಜ ಇಟ್ಟುಕೊಂಡರೆ ಪಕ್ಕದ ತೋಟದ ಪರಾಗ ಬಿದ್ದಿರಬಹುದು. ಆದ್ದರಿಂದ ಪರಂಗಿ ನಮ್ಮ ಪಟ್ಟಿಯಲ್ಲಿ ಇಲ್ಲ ಅಂತ ಆಂಟಿಗೆ ಸ್ಪಷ್ಟವಾಗಿ ಹೇಳಿದೆವು. ಅವರು ಅದನ್ನೂ ಬರೆದುಕೊಂಡರು.

ಸಾಗಣೆಗೆ ಎರಡು ದಾರಿ. ವಾಯ್ಮೇಯಾದಿಂದ ಬರುವವರು ಹಾಮಾಕುವಾದ ಮೇಲೆಯೇ ಬರಬೇಕು, ಅಂಕಲ್‌ನ ಡಬ್ಬಿ ಎತ್ತಿಕೊಂಡು ಬರುತ್ತಾರೆ. ವಾಲ್ಕೆನೋದಿಂದ ಇಳಿಯುವವರು ಕೆಯಾವು ಅನ್ನುವ ಊರಿನಲ್ಲಿ ನಿಲ್ಲುತ್ತಾರೆ, ನಮ್ಮದನ್ನು ಅಲ್ಲಿ ಸೇರಿಸುತ್ತೇವೆ. ಯಾರ ಡಬ್ಬಿಯನ್ನೂ ಯಾರೂ ಬಿಚ್ಚುವ ಹಾಗಿಲ್ಲ, ಬೆರೆಸುವ ಹಾಗಿಲ್ಲ. ಮುಚ್ಚಿದ ಡಬ್ಬಿ ಸುಮ್ಮನೆ ಸಾಗಿಸುವುದು ಬೇರೆ, ಬಿಚ್ಚಿ ಮತ್ತೆ ತುಂಬುವುದು ಬೇರೆ, ಎರಡನೆಯದಕ್ಕೆ ಇನ್ನೊಂದು ಪ್ರಮಾಣಪತ್ರದ ರಗಳೆ ಬರುತ್ತದೆ. ಬಿಲ್ಲೂ ಬೇರೆ ಬೇರೆ. ಕೌಂಟರ್‌ನಲ್ಲಿ ಬಿಲ್ ಮಾಡುವ ಕೋಡ್ ಕೂಡ ಕಲಿತೆವು. ಸಾಮಾನ್ಯ ಬಾಳೆಹಣ್ಣು 4011 ಆದರೆ ಸಾವಯವದ್ದು 94011, ಮುಂದೆ 9 ಸೇರುತ್ತದೆ. ಅದನ್ನು ತಪ್ಪಾಗಿ ಬರೆದರೆ ಕೌಂಟರ್‌ನಲ್ಲಿ ನಮ್ಮ ಹಣ್ಣು ಕಡಿಮೆ ಬೆಲೆಗೆ ಹೋಗುತ್ತದೆ.

ದುಡ್ಡಿನ ವಿಷಯ ಕೇಳುವವರು ಇರುತ್ತಾರೆ, ಅದಕ್ಕೆ ನಮ್ಮ ಲೆಕ್ಕ ಹೇಳುತ್ತೇನೆ. ಸಂತೆಯಲ್ಲಿ 5 ಡಾಲರ್‌ಗೆ ಮಾರುತ್ತಿದ್ದ ಲೆಟ್ಯೂಸಿಗೆ ಅಂಗಡಿ ನಮಗೆ 3 ಡಾಲರ್ ಕೊಡುತ್ತದೆ, 4 ಡಾಲರ್ 50 ಸೆಂಟ್‌ಗೆ ಮಾರುತ್ತದೆ. ಮೊದಲು ನನಗೆ ಅದು ನಷ್ಟ ಅನ್ನಿಸಿತ್ತು. ಆದರೆ ಸಂತೆಗೆ ವಾರಕ್ಕೆ ಒಂದು ಪೂರ್ತಿ ದಿನ ಹೋಗುತ್ತಿತ್ತು, ಮಳೆ ಬಂದರೆ ಅರ್ಧ ವಾಪಸ್. ತೆರಿಗೆಯಲ್ಲೂ ವ್ಯತ್ಯಾಸ ಇದೆ. ನಮ್ಮ ಕೌಂಟಿಯಲ್ಲಿ, ಅಂದರೆ ಈ ದ್ವೀಪದಲ್ಲಿ, ಚಿಲ್ಲರೆ ಮಾರಾಟಕ್ಕೆ ಶೇಕಡ 4.5, ಅಂಗಡಿಗೆ ಸಗಟಾಗಿ ಕೊಟ್ಟರೆ ಶೇಕಡ 0.5. ಅಂಗಡಿ 15 ದಿನಕ್ಕೊಮ್ಮೆ ಹಣ ಕೊಡುತ್ತದೆ. ಬಾಡಿದ್ದಕ್ಕೆ ಕಡಿತ ಮಾಡುತ್ತದೆ, ಆದರೆ ಫೋಟೋ ಕಳಿಸಿದ ಮೇಲೆ ಮಾತ್ರ. ಅದು ನಾವೆಲ್ಲ ಸೇರಿ ಕೇಳಿ ಒಪ್ಪಿಸಿಕೊಂಡದ್ದು.

ತಪ್ಪುಗಳಾಗಲಿಲ್ಲ ಅಂತಲ್ಲ. ಮೊದಲ ಆಗಸ್ಟ್‌ನಲ್ಲಿ ಉಲು ಎಲ್ಲರ ಮನೆಯ ಹಿತ್ತಿಲಲ್ಲೂ ಒಟ್ಟಿಗೆ ಹಣ್ಣಾಯಿತು, ನಮ್ಮ 40 ಕಾಯಿ ಅಂಗಡಿಯಲ್ಲಿ ಮೆತ್ತಗಾದವು. ಇಲ್ಲಿ 2016ರಲ್ಲಿ ಶುರುವಾದ ಉಲು ಬೆಳೆಗಾರರ ಸಹಕಾರ ಸಂಘ ಇದೆ, ಅವರು ಕಾಯಿ ಕತ್ತರಿಸಿ ಬೇಯಿಸಿ ಫ್ರೀಜ್ ಮಾಡಿ ಮಾರುತ್ತಾರೆ. ಹಾಗೆ ಮಾಡಿದರೇ ಅದಕ್ಕೆ ವರ್ಷವಿಡೀ ಬಾಳಿಕೆ ಅಂತ ಆಗ ಅರ್ಥವಾಯಿತು. ಇನ್ನೊಂದು ಸಲ ನಮ್ಮ ಬಾಳೆಗೊನೆಯಲ್ಲಿ ಲಿಟಲ್ ಫೈರ್ ಆಂಟ್ ಅನ್ನುವ ಸಣ್ಣ ಕೆಂಪಿರುವೆ ಸಿಕ್ಕಿತು. ಅದು 1999ರಲ್ಲಿ ಪುನಾದಲ್ಲಿ ಮೊದಲು ಕಂಡದ್ದು, ಕಚ್ಚಿದರೆ ದಿನಗಟ್ಟಲೆ ಉರಿ. ಆಂಟಿ ಇಡೀ ಗೊನೆ ವಾಪಸ್ ಕೊಟ್ಟರು. ಈಗ ಪ್ರತಿ ತಿಂಗಳು ಕಡ್ಡಿಗಳಿಗೆ ಕಡಲೆಕಾಯಿ ಬೆಣ್ಣೆ ಸವರಿ ತೋಟದ ತುಂಬ ಇಟ್ಟು, ಒಂದು ಗಂಟೆ ಬಿಟ್ಟು ಯಾವುದಕ್ಕೆ ಇರುವೆ ಹತ್ತಿದೆ ಅಂತ ನೋಡುತ್ತೇವೆ. ಹತ್ತಿದ ಕಡೆಯಿಂದ ಆ ವಾರ ಏನೂ ಕೊಯ್ಯುವುದಿಲ್ಲ.

ಲೆಟ್ಯೂಸಿನ ಲೆಕ್ಕ ಈಗ ನನಗೆ ಬಾಯಿಪಾಠ. ಸಸಿಗೆ 3 ವಾರ, ಮೇಜಿನ ಮೇಲೆ 5 ವಾರ. ಪ್ರತಿ ಸೋಮವಾರ ಬೀಜ ಹಾಕಲೇಬೇಕು, ಜ್ವರ ಇದ್ದರೂ, ನೆಂಟರು ಬಂದಿದ್ದರೂ. ಒಂದು ಸೋಮವಾರ ತಪ್ಪಿದರೆ ಅದು ಕಪಾಟಿನಲ್ಲಿ ಕಾಣುವುದು 8 ವಾರದ ಮೇಲೆ, ಅಷ್ಟೊತ್ತಿಗೆ ಸರಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. 40 ಕೊಡಬೇಕಾದರೆ 60 ಬೀಜ ಹಾಕುತ್ತೇನೆ. ಕಡಿಮೆ ಬೀಳುತ್ತದೆ ಅಂತ ಅನ್ನಿಸಿದ ಕೂಡಲೇ, ಕೊಯ್ಲಿನ ದಿನ ಅಲ್ಲ, ಅದಕ್ಕೆ 10 ದಿನ ಮೊದಲೇ ಆಂಟಿಗೆ ಮೆಸೇಜ್ ಹಾಕುತ್ತೇನೆ. ಆಗ ಅವರು ವಾಯ್ಮೇಯಾದವರನ್ನು ಕೇಳುತ್ತಾರೆ, ಅವರಲ್ಲೂ ಇಲ್ಲದಿದ್ದರೆ ಮಾತ್ರ ಹಡಗಿನದ್ದು. ಹಾಗೆ ಮೊದಲೇ ಹೇಳಿದ ಯಾವ ಸಲವೂ ಅವರು ಮುಖ ಗಂಟು ಹಾಕಿಕೊಂಡಿಲ್ಲ.

ಪ್ರತಿ ಜನವರಿಯಲ್ಲಿ ಮತ್ತೆ ಕೂರುತ್ತೇವೆ, ಈಗ ಪಾರ್ಕಿಂಗ್ ಜಾಗದಲ್ಲಲ್ಲ, ಅಂಗಡಿಯ ಒಳಗೆ, ಊಟದ ಮೇಜಿನ ಸುತ್ತ. ಈ ವರ್ಷ ಅಂಕಲ್‌ಗೆ ಮೊಣಕಾಲು ನೋವು, ಮೂಲಂಗಿಯನ್ನು ಅರ್ಧ ಮಾಡಿದರು, ಉಳಿದ ಅರ್ಧಕ್ಕೆ ಅವರ ಮೊಮ್ಮಗಳು ಬಂದು ಕೂತಿದ್ದಳು. ಆಂಟಿ ನನ್ನ ಕಡೆ ತಿರುಗಿದರು. ಚಳಿಗಾಲದ ಲೆಟ್ಯೂಸ್ ಚೆನ್ನಾಗಿ ಹೋಗುತ್ತಿದೆ, ವಾರಕ್ಕೆ 60 ಕೊಡೋದಕ್ಕೆ ಆಗುತ್ತಾ ಅಂತ ಕೇಳಿದರು.

ನಾನು ಮೇಜುಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಮಳೆ, ಸ್ಲಗ್, ಇಲಿ, ಎಲ್ಲವನ್ನೂ ಕಳೆದೆ. "45" ಅಂದೆ.

ಅವರು 45 ಅಂತ ಬರೆದುಕೊಂಡು ಮುಂದಿನವರ ಕಡೆ ತಿರುಗಿದರು.